ಮಾರ್ಚ್ 21ಕ್ಕೆ ಮಗಳಿಗೆ ಸನ್ಮಾನ ಅಂತಾರೆ, ಒಪ್ಪಿಕೊಳ್ಳಲಾ?

ಪ್ರಶ್ನೆ, ಶಿವಮೊಗ್ಗದಿಂದ ಒಬ್ಬ ತಾಯಿ:
ಮೇಡಂ, ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ವರ್ಷ, ಡೌನ್ ಸಿಂಡ್ರೋಮ್ ಇದೆ. ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ ಅಂತ ನಮ್ಮ ಬಡಾವಣೆ ಸಂಘದವರು ಜಾಗೃತಿ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರಂತೆ. ಅವರ ಮನಸ್ಸು ಒಳ್ಳೆಯದೇ. ಆದರೆ ಸಂಜೆ ಪಾರ್ಕಿನಲ್ಲಿ ಇವಳ ಜೊತೆ ಆಡೋಕೆ ಯಾರೂ ಮಕ್ಕಳನ್ನು ಬಿಡುವುದಿಲ್ಲ. ಏನು ಹೇಳಲಿ?

ಉತ್ತರ, ಸ್ಪೀಚ್ ಥೆರಪಿಸ್ಟ್:
ಮೊದಲು ಮಗಳನ್ನೇ ಕೇಳಿ ಅಮ್ಮ. ಮೈಕು, ಚಪ್ಪಾಳೆ ಅಂದರೆ ಕೆಲವು ಮಕ್ಕಳಿಗೆ ಖುಷಿಯೋ ಖುಷಿ. ಕೆಲವರು ಕಿವಿ ಮುಚ್ಚಿಕೊಂಡು ಓಡುತ್ತಾರೆ. ಅವಳು ಬೇಡ ಅಂದರೆ ಬೇಡ.

ಕಾರ್ಯಕ್ರಮ ನಡೆಯಲಿ. ಶಾಲಿನ ಬದಲು ಅವಳಿಗೊಂದು ಕೆಲಸ ಕೊಡಿ ಅಂತ ಸಂಘದವರಿಗೆ ಹೇಳಿ. ಬಂದವರಿಗೆ ಪಾನಕ ಕೊಡುವುದು ಇಟ್ಟುಕೊಳ್ಳಿ. ಸನ್ಮಾನವನ್ನು ಜನ ಕುರ್ಚಿಯಲ್ಲಿ ಕೂತು ನೋಡಿ ಎದ್ದು ಹೋಗುತ್ತಾರೆ. ಪಾನಕ ಕೊಟ್ಟ ಹುಡುಗಿಯ ಹತ್ತಿರ ಎರಡು ಮಾತಾದರೂ ಆಡಬೇಕಲ್ವಾ? ಒಂದು ಕಿವಿಮಾತು. 'ಟ್ರೇ ತಗೋ, ಆ ಕಡೆಯಿಂದ ಶುರು ಮಾಡು, ಖಾಲಿ ಲೋಟ ವಾಪಸ್ ತಾ' ಅಂತ ಒಂದೇ ಉಸಿರಿನಲ್ಲಿ ಹೇಳಬಾರದು. ಈ ಮಕ್ಕಳಿಗೆ ಕೇಳಿದ್ದಕ್ಕಿಂತ ಕಂಡದ್ದು ಚೆನ್ನಾಗಿ ನೆನಪಿರುತ್ತದೆ. ಯಾರಾದರೂ ಒಂದು ಸಾಲಿಗೆ ಅವಳ ಜೊತೆ ಹೋಗಿ ಕೊಟ್ಟು ತೋರಿಸಲಿ, ಮುಂದಿನ ಸಾಲು ಅವಳಿಗೆ ಬಿಡಲಿ.

ಭಾಷಣ ಐದು ನಿಮಿಷ ಸಾಕು. ಸಾಮಾನ್ಯವಾಗಿ ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್, ಅಂದರೆ ವಂಶವಾಹಿ ಹೊತ್ತ ಎಳೆಗಳು, ಜೋಡಿ ಜೋಡಿಯಾಗಿ ಇರುತ್ತವೆ. ಇವರಲ್ಲಿ 21ನೆಯದು ಎರಡರ ಬದಲು ಮೂರಿರುವುದರಿಂದ 47 ಆಗುತ್ತದೆ. ಅದಕ್ಕೇ ಮೂರನೇ ತಿಂಗಳ 21ನೇ ತಾರೀಖನ್ನು ಆರಿಸಿಕೊಂಡಿದ್ದು. 2012ರಿಂದ ವಿಶ್ವಸಂಸ್ಥೆಯೂ ಈ ದಿನವನ್ನು ಆಚರಿಸುತ್ತಿದೆ. ಇದು ಅಂಟುವ ಕಾಯಿಲೆಯಲ್ಲ ಅನ್ನುವುದನ್ನು ಮಾತ್ರ ಮೈಕಿನಲ್ಲಿ ಬಿಡಿಸಿ ಹೇಳಿಸಿ. ಎಷ್ಟೋ ಮನೆಗಳಲ್ಲಿ ಈ ಅನುಮಾನ ಇರುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೇ.

ಪಾರ್ಕಿನ ಗಲಾಟೆಯಲ್ಲಿ ಜೊತೆ ಸಿಗುವುದು ಕಷ್ಟ. ಅಕ್ಕಪಕ್ಕದ ಒಂದೇ ಮಗುವನ್ನು ಮನೆಗೆ ಕರೆಯಿರಿ. ಚೌಕಾಬಾರ, ಹಾವು ಏಣಿ ಹಾಕಿಕೊಡಿ. ಅಂಥ ಆಟದಲ್ಲಿ ಮಾತು ಕಮ್ಮಿ ಇದ್ದವರಿಗೂ ಸರದಿ ತಪ್ಪುವುದಿಲ್ಲ.

ಪ್ರಶ್ನೆ, ಇನ್ನೊಬ್ಬರು:
ಪಕ್ಕದ ಮನೆಯ ಹುಡುಗನಿಗೂ ಡೌನ್ ಸಿಂಡ್ರೋಮ್ ಇದೆ, ಇಪ್ಪತ್ತು ದಾಟಿದೆ. ಅವನ ಮಾತು ನನಗೆ ಅರ್ಥವಾಗುವುದಿಲ್ಲ. ಸುಮ್ನೆ ತಲೆ ಆಡಿಸಿ ಕಳಿಸುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾನಾ?

ಉತ್ತರ:
ತಲೆ ಆಡಿಸಿದ್ದು ಅವನಿಗೆ ಗೊತ್ತಾಗಿರುತ್ತದೆ ಸರ್. ಇವರಲ್ಲಿ ಹೆಚ್ಚಿನವರಿಗೆ ಆಡಲು ಬರುವುದಕ್ಕಿಂತ ಅರ್ಥವಾಗುವುದು ಜಾಸ್ತಿ. ಬಾಯಿ, ನಾಲಿಗೆಯ ಸ್ನಾಯು ಸಡಿಲ. ಹಲವರಿಗೆ ಕಿವಿಯೂ ಸ್ವಲ್ಪ ಮಂದ. 'ಗೊತ್ತಾಗಲಿಲ್ಲ, ಇನ್ನೊಂದ್ಸಲ ಹೇಳಪ್ಪ' ಅನ್ನಿ. ಆಗಲೂ ತಿಳಿಯದಿದ್ದರೆ 'ತೋರಿಸು' ಅನ್ನಿ. ನೀವು ಏನಾದರೂ ಕೇಳಿದರೆ ಮನಸ್ಸಿನಲ್ಲೇ ಹತ್ತು ಎಣಿಸುತ್ತಾ ಕಾಯಿರಿ, ಉತ್ತರ ಬರುತ್ತದೆ. ಅವರ ಅಮ್ಮನ ಕಡೆ ತಿರುಗಿ 'ಇವನು ಕಾಫಿ ಕುಡೀತಾನಾ' ಅಂತ ಮಾತ್ರ ಕೇಳಬೇಡಿ. ಮೀಸೆ ಬಂದವನನ್ನು 'ಪುಟ್ಟಾ' ಅಂತ ಕೆನ್ನೆ ಹಿಂಡುವವರೂ ಇದ್ದಾರೆ. ನೋಡಿದಾಗಲೆಲ್ಲ ನನಗೆ ಸಿಟ್ಟೇ ಬರುತ್ತದೆ.

ಪ್ರಶ್ನೆ, ಹಾವೇರಿಯಿಂದ:
ಮಗುವಿಗೆ ಏಳು ತಿಂಗಳು, ಡೌನ್ ಸಿಂಡ್ರೋಮ್ ಇದೆ. ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದೆ, ಅದಕ್ಕೇ ಹೀಗಾಯಿತು ಅಂತ ನಮ್ಮ ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ.

ಉತ್ತರ:
ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲಮ್ಮ. ಬಹುತೇಕ ಇದು ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗಲೇ ಆಗಿಹೋಗಿರುತ್ತದೆ. ನೀವು ಬಸುರಾಗುವ ಮೊದಲಿನ ಮಾತು. ಏನು ತಿಂದಿರಿ, ಎಲ್ಲಿಗೆ ಹೋದಿರಿ ಯಾವುದೂ ಲೆಕ್ಕಕ್ಕಿಲ್ಲ. ತಾಯಿಗೆ ವಯಸ್ಸಾದಷ್ಟೂ ಸಾಧ್ಯತೆ ಹೆಚ್ಚು ಅನ್ನುವುದು ನಿಜ, ಆದರೆ ಚಿಕ್ಕ ವಯಸ್ಸಿನ ತಾಯಂದಿರಿಗೂ ಹುಟ್ಟುತ್ತಾರೆ. ತಂದೆ ಅಥವಾ ತಾಯಿಯಿಂದ ಬರುವುದು ಅಪರೂಪ. ಅದರ ಸುಳಿವು ಮಗುವಿನ ಕ್ರೋಮೋಸೋಮ್ ಪರೀಕ್ಷೆಯ ವರದಿಯಲ್ಲಿ ಸಿಗುತ್ತದೆ. ಮುಂದಿನ ಸಲ ಅತ್ತೆಯವರನ್ನೂ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನೀವು ಹೇಳಿದರೆ ಜಗಳವಾಗುತ್ತದೆ, ಡಾಕ್ಟರ ಬಾಯಿಂದಲೇ ಕೇಳಲಿ.

ಹೃದಯದ ಎಕೋ ಮಾಡಿಸಿದ್ದೀರಾ? ಈ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಇಲ್ಲ ಅಂದರೆ ಈ ವಾರವೇ ಕೇಳಿ. ಕಿವಿ, ಕಣ್ಣು, ಥೈರಾಯ್ಡ್ ಪರೀಕ್ಷೆಯೂ ಆಗಬೇಕು.

ಪ್ರಶ್ನೆ, ಶಿವಮೊಗ್ಗದ ತಾಯಿ ಮತ್ತೆ:
ಸಂಘದವರು ಪಾನಕಕ್ಕೆ ಒಪ್ಪಿದರು ಮೇಡಂ! ಇನ್ನೊಂದು ಕೇಳುವುದಿತ್ತು. ಹತ್ತಿರದ ಶಾಲೆಯವರು 'ಸ್ಪೆಷಲ್ ಸ್ಕೂಲಿಗೆ ಹಾಕಿ' ಅಂತ ವಾಪಸ್ ಕಳಿಸಿದ್ದಾರೆ.

ಉತ್ತರ:
ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು ಅನ್ನುವುದು ಅದರಲ್ಲಿದೆ. ಸ್ಪೆಷಲ್ ಸ್ಕೂಲ್ ಬೇಕೋ ಬೇಡವೋ ಅಂತ ತೀರ್ಮಾನಿಸುವವರು ನೀವು. 'ಸೇರಿಸಿಕೊಳ್ಳುವುದಿಲ್ಲ ಅಂತ ಬರೆದುಕೊಡಿ' ಅಂತ ನಯವಾಗಿಯೇ ಕೇಳಿ. ಸಾಮಾನ್ಯವಾಗಿ ಅಲ್ಲಿಗೇ ದನಿ ಬದಲಾಗುತ್ತದೆ. ಬಗ್ಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ಇಂಥ ಮಕ್ಕಳಿಗೆಂದೇ ಬಿಐಇಆರ್‌ಟಿ ಅನ್ನುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಅವರನ್ನೂ ಅಲ್ಲೇ ವಿಚಾರಿಸಿ. ಯುಡಿಐಡಿ ಕಾರ್ಡಿನ, ಅಂದರೆ ವಿಕಲಚೇತನರ ಗುರುತಿನ ಚೀಟಿಯ, ಜೆರಾಕ್ಸ್ ಜೊತೆಗಿರಲಿ. ಅರ್ಜಿಯ ಎರಡನೇ ಪ್ರತಿಗೆ ಕಚೇರಿ ಸೀಲು ಹಾಕಿಸಿಕೊಂಡೇ ಬನ್ನಿ.