ಮಗುವಿಗೆ ಸಿಪ್ಯಾಪ್ ಹಾಕಿದ್ದಾರೆ, ವೆಂಟಿಲೇಟರ್ ಯಾಕಿಲ್ಲ? ಇದನ್ನು ಕಂಡುಹಿಡಿದವರು ಯಾರು?

ತುಂಗೆಯ ದಂಡೆ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 30 ವಾರಕ್ಕೇ ಹೆರಿಗೆ ಆಗಿದೆ. ಗಂಡು ಮಗು, ತೂಕ 1,300 ಗ್ರಾಂ. ಹುಟ್ಟಿದ ಸ್ವಲ್ಪ ಹೊತ್ತಿಗೇ ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು, ಬಿಡುವಾಗ ನರಳಿದ ಹಾಗೆ ಸದ್ದು. ಈಗ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದೆ. ಮೂಗಿಗೆ ಪುಟ್ಟ ನಳಿಗೆ ಹಾಕಿದ್ದಾರೆ, ಅದರಿಂದ ಬಂದ ಪೈಪ್ ಒಂದು ನೀರಿನ ಬಾಟಲಿಯೊಳಗೆ ಹೋಗುತ್ತದೆ, ಅಲ್ಲಿ ಸದಾ ಗುಳ್ಳೆ ಏಳುತ್ತಿರುತ್ತದೆ. ಸಿಪ್ಯಾಪ್ ಅಂತೆ, ಮೂಗಿನಿಂದ ಸದಾ ಸ್ವಲ್ಪ ಒತ್ತಡದಲ್ಲಿ ಗಾಳಿ ಕೊಡುವುದು. ಮನೆಯ ದೊಡ್ಡವರೆಲ್ಲ "ಬರೀ ನೀರಿನ ಬಾಟಲಿ ಇಟ್ಟಿದ್ದಾರೆ, ವೆಂಟಿಲೇಟರ್ ಹಾಕುವ ಕಡೆ ಕರೆದುಕೊಂಡು ಹೋಗೋಣ" ಅನ್ನುತ್ತಿದ್ದಾರೆ. ಡಾಕ್ಟರ್ ಬೇಡ ಅಂದರು, ಆದರೆ ಅವರಿಗೆ ಕೂತು ವಿವರಿಸುವಷ್ಟು ಪುರುಸೊತ್ತಿಲ್ಲ. ಇದು ಸರಿಯಾದ ಚಿಕಿತ್ಸೆನಾ? ಯಾರು, ಏನು ನೋಡಿ ಇದನ್ನು ಕಂಡುಹಿಡಿದರು? ಗೊತ್ತಿದ್ದವರು ದಯವಿಟ್ಟು ಹೇಳಿ.

ಎನ್‌ಐಸಿಯು ಸಿಸ್ಟರ್:
ಗಾಬರಿಯಾಗಬೇಡಿ. ಬರೀ ನೀರಿನ ಬಾಟಲಿ ಅಂದಿರಲ್ಲ, ಒತ್ತಡ ಎಷ್ಟಿರಬೇಕು ಅಂತ ತೀರ್ಮಾನ ಆಗುವುದೇ ಅಲ್ಲಿ. ಪೈಪಿನ ತುದಿ ನೀರಿನಲ್ಲಿ 5 ಸೆಂಟಿಮೀಟರ್ ಆಳಕ್ಕೆ ಇದ್ದರೆ ಮಗುವಿಗೆ ಸಿಗುವ ಒತ್ತಡವೂ ಹೆಚ್ಚುಕಮ್ಮಿ ಅಷ್ಟೇ. ಮುಂದಿನ ಸಲ ಒಳಗೆ ಬಿಟ್ಟಾಗ ಗಮನಿಸಿ, ಅಳತೆಯ ಗೆರೆಗಳು ಕಾಣುತ್ತವೆ. ಗುಳ್ಳೆ ನಿಂತರೆ ನಾವು ಓಡಿ ಬರುತ್ತೇವೆ, ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ. ಮೂಗಿನ ನಳಿಗೆ ಜರುಗಿರಬಹುದು, ಇಲ್ಲವೇ ಮಗು ಬಾಯಿ ತೆರೆದಿರಬಹುದು. ಮೂಗಿನ ನಡುವಿನ ಚರ್ಮ ಬಹಳ ನಾಜೂಕು, ನಳಿಗೆ ಒತ್ತಿದರೆ ಕೆಂಪಾಗಿ ಗಾಯ ಆಗುತ್ತದೆ, ಅದಕ್ಕೇ ಪದೇ ಪದೇ ನೋಡುತ್ತಿರುತ್ತೇವೆ. ಹೊಟ್ಟೆಗೂ ಗಾಳಿ ಹೋಗಿ ಉಬ್ಬುವುದರಿಂದ ಬಾಯಿಂದ ಒಂದು ಸಣ್ಣ ಟ್ಯೂಬ್ ಹಾಕಿರುತ್ತಾರೆ, ಅದನ್ನು ನೋಡಿ ಹೆದರಬೇಡಿ. ಇಷ್ಟೆಲ್ಲ ನೋಡಿಕೊಳ್ಳುವ ಕೈ ಇದ್ದರೆ ಮಾತ್ರ ಸಿಪ್ಯಾಪ್ ಕೆಲಸ ಮಾಡುತ್ತದೆ. ಯಂತ್ರ ದೊಡ್ಡದೋ ಚಿಕ್ಕದೋ ಅನ್ನುವುದು ಆಮೇಲಿನ ಮಾತು.

ಮಕ್ಕಳ ಡಾಕ್ಟರ್, ದಾವಣಗೆರೆ:
ಮಗುವನ್ನು ನೋಡದೆ ಅದರ ಸ್ಥಿತಿ ಬಗ್ಗೆ ಹೇಳಲಾರೆ, ಅದನ್ನು ಅಲ್ಲಿನ ಡಾಕ್ಟರೇ ಹೇಳಬೇಕು. ಆದರೆ ನೀವು ಕೇಳಿದ ಇತಿಹಾಸ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮಗು ಮಾಡುತ್ತಿದ್ದ ಆ ನರಳುವ ಸದ್ದೇ ಈ ಕಥೆಯ ಬೇರು.

ದಿನ ತುಂಬದ ಮಕ್ಕಳ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್ ಅನ್ನುವ ಪದಾರ್ಥ ಸಾಲದು. ಇದನ್ನು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿ ತೋರಿಸಿದರು. ಅದು ಇಲ್ಲದಿದ್ದರೆ ಶ್ವಾಸಕೋಶದ ಗಾಳಿಚೀಲಗಳು ಪ್ರತಿ ಸಲ ಉಸಿರು ಬಿಟ್ಟಾಗಲೂ ಮುಚ್ಚಿಕೊಳ್ಳುತ್ತವೆ. ಹೊಸ ಬಲೂನಿಗೆ ಮೊದಲ ಸಲ ಊದುವುದು ಎಷ್ಟು ಕಷ್ಟ ನೋಡಿ, ಈ ಕೂಸು ಪ್ರತಿ ಉಸಿರಿಗೂ ಅಷ್ಟೇ ಕಷ್ಟ ಪಡಬೇಕು. ಕಾರಣ ಗೊತ್ತಾದರೂ ಚಿಕಿತ್ಸೆ ಇರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, ಇದೇ ತೊಂದರೆಯಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡ.

ಆಮೇಲೆ ಬಂದವರು ಜಾರ್ಜ್ ಗ್ರೆಗರಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅರಿವಳಿಕೆ ಡಾಕ್ಟರ್. ನರಳುವ ಮಗು ಸುಮ್ನೆ ನರಳುವುದಿಲ್ಲ. ಉಸಿರು ಬಿಡುವಾಗ ಗಂಟಲಿನ ಧ್ವನಿಪೆಟ್ಟಿಗೆಯನ್ನು ಅರ್ಧ ಮುಚ್ಚಿ ಸ್ವಲ್ಪ ಗಾಳಿಯನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಗಂಟಲಿಗೆ ಟ್ಯೂಬ್ ಇಳಿಸಿದರೆ ಧ್ವನಿಪೆಟ್ಟಿಗೆ ಮುಚ್ಚಲು ಆಗುವುದಿಲ್ಲ, ನರಳು ನಿಲ್ಲುತ್ತದೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಹಾಗಾದರೆ ಮಗು ತಾನೇ ಮಾಡುತ್ತಿದ್ದ ಕೆಲಸವನ್ನು ನಾವು ಹೊರಗಿನಿಂದ ಮಾಡಿಕೊಟ್ಟರೆ? ಉಸಿರಾಟ ಮಗುವಿನದೇ, ಗಾಳಿಚೀಲ ಮುಚ್ಚದ ಹಾಗೆ ಒಂದು ಸಮನಾದ ಒತ್ತಡ ಮಾತ್ರ ನಮ್ಮದು. ಅದೇ ಸಿಪ್ಯಾಪ್. 1971ರಲ್ಲಿ ಅವರ ತಂಡ ತೀರಾ ಗಂಭೀರವಾಗಿದ್ದ 20 ಮಕ್ಕಳ ಫಲಿತಾಂಶ ಪ್ರಕಟಿಸಿತು. 16 ಮಕ್ಕಳು ಬದುಕಿದರು. 1,500 ಗ್ರಾಂಗಿಂತ ಕಡಿಮೆ ಇದ್ದ 10 ಮಕ್ಕಳಲ್ಲಿ 7 ಉಳಿದವು. ಆಗ 18 ಮಕ್ಕಳಿಗೆ ಗಂಟಲಿನ ಟ್ಯೂಬ್ ಮೂಲಕವೇ ಒತ್ತಡ ಕೊಟ್ಟಿದ್ದರು, ಇಬ್ಬರಿಗೆ ತಲೆಯ ಸುತ್ತ ಪೆಟ್ಟಿಗೆ ಇಟ್ಟು. ಮೂಗಿನ ನಳಿಗೆ ರೂಢಿಗೆ ಬಂದದ್ದು ಆಮೇಲೆ.

ತುಂಗೆಯ ದಂಡೆ:
ಸರ್, ಓದಿ ಕಣ್ಣು ತುಂಬಿತು. ಆ ನರಳು ನೋವಿನದು ಅಂದುಕೊಂಡು ತಂಗಿ ಅತ್ತಿದ್ದಳು. ಆದರೂ ಕೇಳುತ್ತೇನೆ, ವೆಂಟಿಲೇಟರ್ ಇದಕ್ಕಿಂತ ಒಳ್ಳೆಯದಲ್ವಾ?

ಮಕ್ಕಳ ಡಾಕ್ಟರ್, ದಾವಣಗೆರೆ:
ಬೇಕಾದಾಗ ಪ್ರಾಣ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟ್ಯೂಬ್ ಹಾಕಿ ಯಂತ್ರದಿಂದ ಗಾಳಿ ನೂಕುತ್ತಾ ಹೋದರೆ ಎಳೆಯ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ, ಸೋಂಕಿನ ಭಯವೂ ಇದೆ. ಮೆಲ್ಬರ್ನ್‌ನ ಕಾಲಿನ್ ಮಾರ್ಲಿ ತಂಡ 25ರಿಂದ 28 ವಾರಕ್ಕೆ ಹುಟ್ಟಿದ 610 ಮಕ್ಕಳಲ್ಲಿ ಸಿಪ್ಯಾಪ್ ಮತ್ತು ಟ್ಯೂಬ್ ಹಾಕಿ ವೆಂಟಿಲೇಟರ್ ಕೊಡುವುದನ್ನು ಹೋಲಿಸಿ ನೋಡಿತು, 2008ರಲ್ಲಿ ಪ್ರಕಟವಾಯಿತು. ಸಾವು ಅಥವಾ ಶ್ವಾಸಕೋಶದ ದೀರ್ಘಕಾಲದ ತೊಂದರೆ ಲೆಕ್ಕ ಹಾಕಿದರೆ ಎರಡೂ ಗುಂಪಿನ ನಡುವೆ ದೊಡ್ಡ ವ್ಯತ್ಯಾಸ ಬರಲಿಲ್ಲ, ಸಿಪ್ಯಾಪ್ ಗುಂಪಿನ ಮಕ್ಕಳು ವೆಂಟಿಲೇಟರ್ ಮೇಲಿದ್ದ ದಿನಗಳು ಮಾತ್ರ ಕಡಿಮೆ. ಇನ್ನೊಂದು ಮುಖವನ್ನೂ ಹೇಳಬೇಕು. ಆ ಗುಂಪಿನಲ್ಲಿ ಶ್ವಾಸಕೋಶದಿಂದ ಗಾಳಿ ಸೋರಿದ ಮಕ್ಕಳು ನೂರಕ್ಕೆ 9, ಇನ್ನೊಂದರಲ್ಲಿ 3. ಸಿಪ್ಯಾಪ್ ಗುಂಪಿನ ಅರ್ಧಕ್ಕೆ ಹತ್ತಿರದಷ್ಟು ಮಕ್ಕಳಿಗೆ ಮೊದಲ ಐದು ದಿನದಲ್ಲಿ ಟ್ಯೂಬ್ ಹಾಕಲೇಬೇಕಾಯಿತು. ನಾಳೆ ನಿಮ್ಮ ಡಾಕ್ಟರ್ ವೆಂಟಿಲೇಟರ್ ಅಂದರೆ ಚಿಕಿತ್ಸೆ ಸೋತಿತು ಅಂದುಕೊಳ್ಳಬೇಡಿ.

ಅವಳಿ ಮಕ್ಕಳ ಅಪ್ಪ:
ನಮ್ಮ ಮಕ್ಕಳೂ ಸಿಪ್ಯಾಪ್ ಮೇಲಿದ್ದವರೇ, ಈಗ ಶಾಲೆಗೆ ಹೋಗುತ್ತಿದ್ದಾರೆ. ಡಾಕ್ಟರ್ ಬೇಡ ಅಂದಮೇಲೆ ಬೇರೆ ಕಡೆ ಸಾಗಿಸುವ ಯೋಚನೆ ಬಿಡಿ. ಅಷ್ಟು ಸಣ್ಣ ಮಗುವಿಗೆ ಆಂಬುಲೆನ್ಸ್ ಪ್ರಯಾಣವೇ ಅಪಾಯ, ದಾರಿಯುದ್ದಕ್ಕೂ ಉಸಿರಿಗೆ ಬೆಂಬಲ ಬೇಕಲ್ಲ. ಅದಕ್ಕೆಂದೇ ಬೆಂಗಳೂರಿನ ಕೋಯೋ ಲ್ಯಾಬ್ಸ್‌ನವರು 'ಸಾನ್ಸ್' ಅನ್ನುವ ಸಿಪ್ಯಾಪ್ ಸಾಧನ ಮಾಡಿದ್ದಾರೆ. ಕರೆಂಟ್ ಇಲ್ಲದಿದ್ದರೆ ಬ್ಯಾಟರಿಯಲ್ಲಿ ನಡೆಯುತ್ತದೆ, ಅದೂ ಇಲ್ಲದಿದ್ದರೆ ಕೈಯಲ್ಲಿ ಗಾಳಿ ಒತ್ತಬಹುದು. ನಮ್ಮ ಊರುಗಳಿಗೆ ಇಂಥದ್ದೇ ಬೇಕು.

ಇನ್ನೊಂದು ವಿಷಯ, ಕಣ್ಣಿನ ಪರೀಕ್ಷೆ ಕೇಳಿಕೊಳ್ಳಿ. ದಿನ ತುಂಬದ ಮಕ್ಕಳ ಅಕ್ಷಿಪಟಲಕ್ಕೆ ಆಕ್ಸಿಜನ್ ಜಾಸ್ತಿ ಆದರೂ ತೊಂದರೆ.

ತುಂಗೆಯ ದಂಡೆ:
ಮನೆಯವರಿಗೆಲ್ಲ ಇದನ್ನು ಓದಿ ಹೇಳಿದೆ, ಸಾಗಿಸುವ ಮಾತು ನಿಂತಿದೆ. ಕಣ್ಣಿನ ಪರೀಕ್ಷೆ ಯಾವಾಗ ಮಾಡಿಸಬೇಕು?

ಎನ್‌ಐಸಿಯು ಸಿಸ್ಟರ್:
ಹುಟ್ಟಿದ 30 ದಿನದೊಳಗೆ ಮೊದಲ ಪರೀಕ್ಷೆ ಆಗಲೇಬೇಕು. ಅಷ್ಟರಲ್ಲಿ ಡಿಸ್ಚಾರ್ಜ್ ಆದರೆ ತಾರೀಕನ್ನು ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ. ಮಗು ಸ್ವಲ್ಪ ಸುಧಾರಿಸಿದ ಮೇಲೆ ತಂಗಿಗೆ ಎದೆಗೊತ್ತಿ ಮಲಗಿಸಿಕೊಳ್ಳಲು ಬಿಡುತ್ತಾರಾ ಅಂತ ಕೇಳಿ, ಸಿಪ್ಯಾಪ್ ಇದ್ದರೂ ಅದನ್ನು ಮಾಡಬಹುದು.