ಅಪ್ಪನ ಹೃದಯದಲ್ಲಿ ಅಮೈಲಾಯ್ಡ್ ಅಂತೆ, ಔಷಧ ಪ್ರಯೋಗಕ್ಕೆ ಸೇರಿಸಬಹುದಾ?

ಸಿಂಧನೂರಿನ ಮಗಳು:
ಅಪ್ಪನಿಗೆ 71. ಆರು ವರ್ಷದ ಹಿಂದೆ ಎರಡೂ ಕೈ ಜೋಮು ಹಿಡಿದು ಮಣಿಕಟ್ಟಿನ ಆಪರೇಷನ್ ಆಗಿತ್ತು. ಈಗ ಪಾದ ಉರಿ, ಎದ್ದು ನಿಂತರೆ ತಲೆಸುತ್ತು, ಗದ್ದೆ ಬದುವಿನ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ದಮ್ಮು ಹತ್ತುತ್ತದೆ. ನರದ ಡಾಕ್ಟರ ಹತ್ತಿರ ಒಂದು ಫೈಲು, ಹಾರ್ಟ್ ಡಾಕ್ಟರ ಹತ್ತಿರ ಇನ್ನೊಂದು. ಎರಡು ವರ್ಷ ಅವೆರಡನ್ನೂ ಒಟ್ಟಿಗೆ ಬಿಚ್ಚಿ ನೋಡಿದವರೇ ಇಲ್ಲ. ಮೊನ್ನೆ ಹೈದರಾಬಾದಿನಲ್ಲಿ ಟ್ರಾನ್ಸ್‌ಥೈರೆಟಿನ್ ಅಮೈಲಾಯ್ಡ್ ಇರಬಹುದು ಅಂದರು, ಹೊಸ ಔಷಧದ ಪ್ರಯೋಗಕ್ಕೆ ಸೇರಿಸುತ್ತೀರಾ ಅಂತಲೂ ಕೇಳಿದರು. ಅಮ್ಮ "ನಿಮ್ಮಪ್ಪನ ಮ್ಯಾಲ ಔಷಧ ಹಾಕಿ ನೋಡ್ತಾರೇನು" ಅಂತ ಅಳುತ್ತಿದ್ದಾಳೆ. ಮರೆವಿನ ಕಾಯಿಲೆಗೂ ಅಮೈಲಾಯ್ಡ್ ಅಂತಾರಲ್ಲ, ಇದು ಅದೇನಾ?

ಬಳ್ಳಾರಿ ಡಾಕ್ಟರ್:
ಅಲ್ಲ ತಂಗಿ. ಅಮೈಲಾಯ್ಡ್ ಅಂದರೆ ಕೆಟ್ಟ ಪ್ರೋಟೀನ್ ಎಳೆಯಾಗಿ ಅಂಗಗಳಲ್ಲಿ ಕೂರುವುದು. ಆಲ್‌ಝೈಮರ್‌ನಲ್ಲಿ ಮಿದುಳಲ್ಲಿ ಕೂರುವ ಪ್ರೋಟೀನ್ ಬೇರೆ. ಟ್ರಾನ್ಸ್‌ಥೈರೆಟಿನ್ ಅನ್ನುವ ಪ್ರೋಟೀನ್ ಲಿವರ್‌ನಲ್ಲಿ ತಯಾರಾಗುತ್ತದೆ, ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು, ವಿಟಮಿನ್ ಎ ಹೊತ್ತು ತಿರುಗುತ್ತದೆ. ನಾಲ್ಕು ತುಂಡು ಸೇರಿ ಒಂದಾಗಿರುವ ಅದು ಬಿಚ್ಚಿಕೊಂಡರೆ ತುಂಡುಗಳು ಎಳೆ ಎಳೆಯಾಗಿ ಹೃದಯದ ಗೋಡೆಯಲ್ಲಿ, ನರದಲ್ಲಿ ಸೇರಿಕೊಳ್ಳುತ್ತವೆ. ಗೋಡೆ ದಪ್ಪ, ಗಡುಸು ಆಗುತ್ತದೆ. ಎರಡೂ ಮಣಿಕಟ್ಟಿನ ತೊಂದರೆ ಎಷ್ಟೋ ವರ್ಷ ಮೊದಲೇ ಬರುವುದು ಇದರ ಗುರುತು, ಅದನ್ನು ಡಾಕ್ಟರಿಗೆ ಖಂಡಿತ ಹೇಳಿ.

ಒಂದು ವಿಷಯದಲ್ಲಿ ಮಾತ್ರ ತಡಮಾಡಬೇಡಿ. ಲೈಟ್ ಚೈನ್ ಅಮೈಲಾಯ್ಡ್ ಅಂತ ಇನ್ನೊಂದಿದೆ, ಮೂಳೆಮಜ್ಜೆಯ ಕೋಶಗಳಿಂದ ಬರುವುದು. ಅದು ಬೇಗ ಜೋರಾಗುತ್ತದೆ, ಚಿಕಿತ್ಸೆಯೇ ಬೇರೆ. ರಕ್ತ, ಮೂತ್ರ ಪರೀಕ್ಷೆಯಲ್ಲಿ ಅದಿಲ್ಲ ಅಂತ ಖಚಿತವಾಗದೆ ಬರೀ ಟೆಕ್ನೀಷಿಯಂ ಸ್ಕ್ಯಾನ್ (ಸ್ವಲ್ಪ ವಿಕಿರಣ ವಸ್ತು ಕೊಟ್ಟು ಹೃದಯ ನೋಡುವುದು) ನಂಬಿ ನಿಲ್ಲಬೇಡಿ. ಆಮೇಲೆ ಜೀನ್ ಪರೀಕ್ಷೆ. ವಂಶದಿಂದ ಬಂದದ್ದಾದರೆ ನಿಮಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಕೊಪ್ಪಳದ ಅಣ್ಣ:
ನಾನು ಔಷಧ ಪ್ರಯೋಗಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದವನು. ಅಮ್ಮನ ಭಯ ಸುಳ್ಳಲ್ಲ, ಆದರೆ ಈ ಕಾಯಿಲೆಗೆ ಔಷಧ ಸಿಕ್ಕಿದ್ದೇ ಹಾಗೆ ಸೇರಿದವರಿಂದ. ಟಫಾಮಿಡಿಸ್ ಅಂದರೆ ಆ ಪ್ರೋಟೀನ್ ಬಿಚ್ಚಿಕೊಳ್ಳದಂತೆ ಹಿಡಿಯುವ ಔಷಧ; 2018ರಲ್ಲಿ ಫಲಿತಾಂಶ ಬಂದ ಅದರ ಪ್ರಯೋಗದಲ್ಲಿ 441 ಜನ ಇದ್ದರು. 30 ತಿಂಗಳಲ್ಲಿ ಔಷಧ ತಗೊಂಡವರಲ್ಲಿ ಶೇ. 29.5, ಸುಮ್ನೆ ಗುಳಿಗೆ (ಔಷಧವಿಲ್ಲದ್ದು) ತಗೊಂಡವರಲ್ಲಿ ಶೇ. 42.9 ಜನ ತೀರಿಕೊಂಡರು. ಅದು ಕಾಯಿಲೆಯ ಓಟ ತಗ್ಗಿಸುತ್ತದೆ, ಕೂತದ್ದನ್ನು ತೆಗೆಯುವುದಿಲ್ಲ. ಆಮೇಲೆ ಲಿವರ್‌ನಲ್ಲಿ ಪ್ರೋಟೀನ್ ತಯಾರಾಗುವುದನ್ನೇ ತಗ್ಗಿಸುವ ವುಟ್ರಿಸಿರಾನ್ ಬಂತು, ಮೂರು ತಿಂಗಳಿಗೊಂದು ಇಂಜೆಕ್ಷನ್.

ಅದಕ್ಕೇ ಮೊದಲು ಕೇಳಬೇಕಾದದ್ದು: ಇಷ್ಟು ಔಷಧ ಇರುವಾಗ ಅಪ್ಪನಿಗೆ ಬರೀ ಸುಮ್ನೆ ಗುಳಿಗೆ ಬೀಳಬಹುದಾ, ಇಲ್ಲಾ ಈಗಿರುವ ಔಷಧದ ಜೊತೆಗೇ ಹೊಸದು ಕೊಡುತ್ತಾರಾ? ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಆನ್‌ಲೈನ್‌ನಲ್ಲಿ ನೋಡಬಹುದು. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಮನೆಗೆ ತಂದು ಅಮ್ಮನಿಗೆ ಓದಿ ಹೇಳಿ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಖರ್ಚು ಪ್ರಯೋಗ ನಡೆಸುವವರದ್ದು, ಯಾವಾಗ ಬೇಕಾದರೂ ಬಿಡಬಹುದು. ಸಿಂಧನೂರಿನಿಂದ ಪದೇ ಪದೇ ಹೋಗಿ ಬರುವ ಖರ್ಚು ಯಾರದ್ದು ಅಂತಲೂ ಕೇಳಿ, ಜನ ನಡುವೆ ಬಿಡಲು ಅದೂ ಒಂದು ಕಾರಣ.

ಸಿಂಧನೂರಿನ ಮಗಳು:
ಲೈಟ್ ಚೈನ್ ಪರೀಕ್ಷೆ ಆಗಿಲ್ಲ ಅಣ್ಣಾ, ಈಗಷ್ಟೇ ಎರಡೂ ಫೈಲು ಹುಡುಕಿ ನೋಡಿದೆ. ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡುತ್ತೇವೆ, ಅಮ್ಮನೂ ಬರುತ್ತೀನಿ ಅಂದಳು.