ಅಪ್‌ಡೇಟ್: ಐಸಿಯುನಲ್ಲಿದ್ದ ಮಾವ ವಾರ್ಡಿಗೆ ಬಂದರು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಸೋದರಮಾವನನ್ನು ನ್ಯುಮೋನಿಯಾ ಎಂದು ಮಂಗಳೂರಿನಲ್ಲಿ ಐಸಿಯುಗೆ ಸೇರಿಸಿದ ಮೇಲೆ, ಅವರು ಕೈ ನಡುಗಿಸುತ್ತ ಇಲ್ಲದವರೊಡನೆ ಮಾತನಾಡತೊಡಗಿದ್ದೇಕೆ ಎಂದು ಕೇಳಿದ್ದೆ. ಜ್ವರ ತಲೆಗೇರಿದೆ ಎಂದೇ ಮನೆಯವರ ನಂಬಿಕೆ. ಕುಡಿತ ಒಮ್ಮೆಲೇ ನಿಂತದ್ದೂ ಕಾರಣವಿರಬಹುದು, ವೈದ್ಯರಿಗೆ ಮುಚ್ಚಿಡಬೇಡಿ ಎಂದು ಹಲವರು ಬರೆದಿರಿ. ಅದೇ ನಿಜವಾಯಿತು.

ಅತ್ತೆ ಸುಲಭಕ್ಕೆ ಬಾಯಿ ಬಿಡಲಿಲ್ಲ. "ಅಪರೂಪಕ್ಕೊಮ್ಮೆ, ಮದುವೆ ಮುಂಜಿಗೆ" ಎನ್ನುತ್ತಿದ್ದರು. ನಮ್ಮ ಕಡೆ ಮರ್ಯಾದೆ ಜೀವಕ್ಕಿಂತ ತೂಕದ್ದು! ಕೊನೆಗೆ ನಾನೇ ಡಾಕ್ಟರರಿಗೆ, ವರ್ಷಗಳಿಂದ ದಿನವೂ ಬ್ರಾಂದಿ ಎಂದೆ.

ನಿತ್ಯ ಕುಡಿಯುವವರಿಗೆ ಕೊನೆಯ ಗುಟುಕಿನ ನಂತರ ಸಾಮಾನ್ಯವಾಗಿ 48ರಿಂದ 96 ಗಂಟೆಗಳೊಳಗೆ ಇಂಥ ಸನ್ನಿ ಬರುತ್ತದಂತೆ. ನ್ಯುಮೋನಿಯಾಕ್ಕೂ ಕುಡಿತ ದಾರಿ ಮಾಡಿಕೊಡುತ್ತದಂತೆ: ಅಮಲಿನಲ್ಲಿ ಕೆಮ್ಮು ಕುಗ್ಗಿ ಎಂಜಲು, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತವೆ. ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳೂ ಸೊರಗಿರುತ್ತವೆ. ಮಾವನ ಕಫ ಇಟ್ಟಿಗೆ ಬಣ್ಣದ್ದಾಗಿ ಅಂಟಂಟಾಗಿತ್ತು. ಪರೀಕ್ಷೆಯಲ್ಲಿ ಸಿಕ್ಕ ರೋಗಾಣು ಕ್ಲೆಬ್ಸಿಯೆಲ್ಲಾ.

ಆ್ಯಂಟಿಬಯೋಟಿಕ್ ಜೊತೆಗೆ ನಡುಕ, ಸನ್ನಿ ತಗ್ಗಿಸುವ ಲೊರಾಜೆಪಾಮ್ ಮತ್ತು ಥಯಾಮಿನ್ ಕೊಟ್ಟರು. ಥಯಾಮಿನ್ ಎಂದರೆ ಬಿ1 ಜೀವಸತ್ವ. ಅದರ ಕೊರತೆಯಿಂದ ಮಿದುಳಿಗೇ ಪೆಟ್ಟು ಬೀಳಬಹುದು. ಆದರೂ ಉಸಿರು ಸೋತು ವೆಂಟಿಲೇಟರ್ ಹಾಕಬೇಕಾಯಿತು.

ಈಗ ಮೂಗಿನ ಆಕ್ಸಿಜನ್ ಸಾಕು. ಅವರನ್ನು ಕುಳ್ಳಿರಿಸಿಯೇ, ಗಂಜಿಯನ್ನು ಚಮಚದಲ್ಲಿ ಕುಡಿಸಲು ನರ್ಸ್ ಹೇಳಿದ್ದಾರೆ. ಮಾವ ನನ್ನನ್ನು ಗುರುತಿಸಿ, ಅಡಿಕೆ ತೋಟಕ್ಕೆ ನೀರು ಬಿಟ್ಟೆಯಾ ಎಂದು ಗದರಿದರು.

ಬಿಡುಗಡೆಯಾದ ಮೇಲೆ ಕುಡಿತ ಬಿಡಿಸುವ, ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಕೇಂದ್ರಕ್ಕೆ ಕರೆದೊಯ್ಯುವ ಯೋಚನೆಯಿದೆ. ಅಲ್ಲಿ ಕನ್ನಡದಲ್ಲಿ ಮಾತನಾಡುವ ಆಪ್ತಸಮಾಲೋಚಕರು ಇದ್ದಾರೆಯೇ? ಮಾವನಿಗೆ ಮಲಯಾಳ ಅಷ್ಟಕ್ಕಷ್ಟೇ.